ನೀರೆತ್ತುತ್ತಿದ್ದ ಗಾಳಿಗಿರಣಿ

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ಕೆಲವು ಕುಟುಂಬಗಳು ಕೇಂಬ್ರಿಜ್‌ಷೈರ್‌ನ ವಿಕೆನ್ ಫೆನ್ ಎಂಬ ಜೌಗುಪ್ರದೇಶಕ್ಕೆ ಪ್ರವಾಸ ಹೋಗಿದ್ದುದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪುಳಿಯೋಗರೆಯ ಡಬ್ಬಿಗಳು ಬರಿದಾದ ಮೇಲೆ ಮಕ್ಕಳು ಅಲ್ಲಿನ ಪುಟ್ಟ ಮರದ ಗಾಳಿಗಿರಣಿಯ ಸುತ್ತ ನೆರೆದರು. "ಡಾಕ್ಟರ್ ಅಂಕಲ್, ಇದು ಏನು ಬೀಸುತ್ತೆ?" ಎಂದು ಒಬ್ಬಳು ಕೇಳಿದಳು. "ಗೋಧಿ" ಎಂದುಬಿಟ್ಟೆ, ಲವಲೇಶವೂ ಅನುಮಾನವಿಲ್ಲದೆ. ಗಿರಣಿ ಎಂಬ ನಮ್ಮ ಪದವೇ ನನ್ನನ್ನು ದಾರಿ ತಪ್ಪಿಸಿತು ಎನ್ನುವುದು ನನ್ನ ಸಮರ್ಥನೆ. ಅದು ಬೀಸುವ ಗಿರಣಿಯಲ್ಲ, ನೀರೆತ್ತುವ ಯಂತ್ರ. ನಮ್ಮ ಏತ, ಕಪಿಲೆಗಳ ದೂರದ ನಂಟ.

ಇಂಗ್ಲೆಂಡಿನ ಪೂರ್ವದ ಈ ತಗ್ಗುನಾಡು ಒಂದು ಕಾಲಕ್ಕೆ ನೀರು, ಆಪು, ಈಲ್ ಮೀನುಗಳ ರಾಜ್ಯವಾಗಿತ್ತು. 17ನೆಯ ಶತಮಾನದಲ್ಲಿ ಬೆಡ್‌ಫರ್ಡಿನ ಅರ್ಲ್ ಮತ್ತು ಅವನ ಪಾಲುದಾರರು ಹಣ ಹೂಡಿ, ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್‌ನನ್ನು ಕರೆಸಿ ನೇರ ಕಾಲುವೆಗಳನ್ನು ತೋಡಿಸಿದರು. ಹಳೆಯ ಬೆಡ್‌ಫರ್ಡ್ ನದಿ ಎಂಬ 21 ಮೈಲಿಯ ಕಾಲುವೆ 1637ರ ಹೊತ್ತಿಗೆ ಮುಗಿದಿತ್ತು. ನೀರು ಬಸಿಯಿತು, ಆದರೆ ಯಾರೂ ಎಣಿಸದ ಮತ್ತೊಂದು ಸಂಗತಿ ನಡೆಯಿತು. ಪೀಟ್ ಎಂಬ ಅಲ್ಲಿನ ಕಪ್ಪು ಮಣ್ಣು ಸಾವಿರಾರು ವರ್ಷ ಕೊಳೆತ ಸಸ್ಯರಾಶಿ. ನೀರಿಲ್ಲದಾಗ ಅದು ಒಣ ಸ್ಪಂಜಿನಂತೆ ಕುಗ್ಗುತ್ತದೆ, ಗಾಳಿ ತಾಗಿ ಕ್ಷಯಿಸುತ್ತದೆ. ಹೊಲಗಳು ಕುಸಿಯುತ್ತ ಹೋದವು, ನದಿಗಳು ಮೇಲೆಯೇ ಉಳಿದವು. ಹೋಮ್ ಫೆನ್ ಎಂಬಲ್ಲಿ 1850ರ ದಶಕದ ಆರಂಭದಲ್ಲಿ ನೆಲದ ಮಟ್ಟಕ್ಕೆ ಹೂಳಿದ ಕಬ್ಬಿಣದ ಕಂಬ ಇಂದು ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಬೆಳೆದದ್ದಲ್ಲ.

ಹೀಗೆ ಹೊಲದ ನೀರನ್ನು ಮೇಲಿನ ನದಿಗೆ ಎತ್ತಲು ಗಾಳಿಗಿರಣಿಗಳು ಬಂದವು. ರೆಕ್ಕೆಗಳು ತಿರುಗಿದಂತೆ ಹಲಗೆ ಬಡಿದ ಚಕ್ರವೊಂದು ಕಾಲುವೆಯ ನೀರನ್ನು ಮೇಲಕ್ಕೆ ತಳ್ಳುತ್ತಿತ್ತು. ಒಂದು ಚಕ್ರ ಎತ್ತಬಲ್ಲ ಎತ್ತರ ಕೆಲವೇ ಅಡಿ. ಸಾಲದಿದ್ದಲ್ಲಿ ಒಂದರ ಹಿಂದೊಂದು ಗಿರಣಿ ನಿಲ್ಲಿಸುತ್ತಿದ್ದರು. 18ನೆಯ ಶತಮಾನದಲ್ಲಿ ಅಂಥವು ನೂರಾರು ಇದ್ದವು. ಗಾಳಿ ಬೀಸದಿದ್ದರೆ ಬೆಳೆ ಮುಳುಗುತ್ತಿತ್ತು. ಉಗಿಯಂತ್ರ ಬಂದಾಗ ಅವುಗಳ ಆಯುಷ್ಯ ಮುಗಿಯಿತು. ಆಮೇಲೆ ಡೀಸೆಲ್, ಆಮೇಲೆ ವಿದ್ಯುತ್ತು. ಈಗ ಇಡೀ ಫೆನ್ ನಾಡಿನಲ್ಲಿ ಈ ಬಗೆಯ ಮರದ ಗಿರಣಿ ಉಳಿದಿರುವುದು ವಿಕೆನ್ನಿನಲ್ಲಿ ಮಾತ್ರ. ಅದೂ 1912ರಲ್ಲಿ ಪಕ್ಕದ ಅಡ್ವೆಂಚರರ್ಸ್ ಫೆನ್‌ನಲ್ಲಿ ಕಟ್ಟಿದ್ದು. ಹಾಳಾಗುತ್ತಿದ್ದುದನ್ನು 1950ರ ದಶಕದಲ್ಲಿ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದರು.

ವೈದ್ಯನಾದ ನನಗೆ ಈ ಕತೆಯ ಇನ್ನೊಂದು ಮುಖವನ್ನು ತೋರಿದವರು ತೊಂಬತ್ತು ದಾಟಿದ ನನ್ನ ರೋಗಿಯೊಬ್ಬರು. (ಬರೆಯಲು ಒಪ್ಪಿದರು, ಹೆಸರು ಮಾತ್ರ ಬೇಡವೆಂದರು.) ಅವರ ಮುತ್ತಜ್ಜ ಅಂಥದೊಂದು ಗಿರಣಿಯ ಕಾವಲುಗಾರ. ಮಧ್ಯರಾತ್ರಿ ಗಾಳಿ ಎದ್ದರೆ ಹಾಸಿಗೆ ಬಿಟ್ಟು ಓಡಬೇಕಿತ್ತಂತೆ. ಗಿರಣಿಯಿದ್ದ ಜಾಗದಲ್ಲಿ ಈಗ ತುರಿಕೆ ಗಿಡ ಬೆಳೆದ ದಿಬ್ಬವಷ್ಟೇ ಇದೆ. ಮುತ್ತಜ್ಜಿ ಹಿತ್ತಲಲ್ಲಿ ಬಿಳಿ ಗಸಗಸೆ ಬೆಳೆದು, ಅದರ ಕಾಯಿಯ ಕಷಾಯ ಕುಡಿಯುತ್ತಿದ್ದಳಂತೆ, ಮಕ್ಕಳಿಗೂ ಕುಡಿಸುತ್ತಿದ್ದಳಂತೆ. ಯಾವುದಕ್ಕೆ ಎಂದು ಕೇಳಿದೆ. "ಏಗ್ಯೂ" ಎಂದರು.

ಏಗ್ಯೂ ಎಂದರೆ ನಮ್ಮ ಚಳಿಜ್ವರ, ಮಲೇರಿಯಾ. ಈ ಜೌಗುನಾಡಿನ ಜನ ತಲೆಮಾರುಗಳ ಕಾಲ ಅದರಲ್ಲಿ ನಡುಗಿದರು, ಅಫೀಮಿನಲ್ಲಿ ಶಮನ ಹುಡುಕಿದರು. ಜ್ವರ ಕೆಟ್ಟ ಗಾಳಿಯಿಂದ ಬರುತ್ತದೆಂದು ನಂಬಿದ್ದರು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅಷ್ಟರಲ್ಲಿ ಇಲ್ಲಿಯ ಜ್ವರ ಬಹುಮಟ್ಟಿಗೆ ಇಳಿದುಹೋಗಿತ್ತು. ನೀರು ಬಸಿದದ್ದು, ಸೊಳ್ಳೆಗೆ ಮನುಷ್ಯನ ಬದಲು ದನಗಳು ಸಿಕ್ಕಿದ್ದು, ಮನೆಗಳು ಸುಧಾರಿಸಿದ್ದು, ಕ್ವಿನೀನು, ಎಲ್ಲವೂ ಸೇರಿ ಅದನ್ನು ಇಳಿಸಿದವು. ಗಿರಣಿಗಳಿಗೇ ಪೂರ್ತಿ ಶ್ರೇಯಸ್ಸು ಕೊಡಲಾರೆ. ಆದರೆ ಜ್ವರದ ಕಾರಣವನ್ನೇ ಅರಿಯದೆ ರಾತ್ರಿಯೆಲ್ಲ ನೀರೆತ್ತಿದವರಿಗೆ ಒಂದು ಪಾಲು ಸಲ್ಲಬೇಕು.

ಆ ದಿನ ನನ್ನೊಡನೆ ಅಪ್ಪಯ್ಯನೂ ಇದ್ದರು, ತೀರ್ಥಹಳ್ಳಿ ಕಡೆಯಿಂದ ಮೂರು ತಿಂಗಳಿಗೆಂದು ಬಂದಿದ್ದವರು. ಇದನ್ನೆಲ್ಲ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಇಲ್ಲೂ ಇತ್ತೇನೋ ಆ ಜ್ವರ?" ಎಂದರು. ನನಗೊಬ್ಬಳು ಸೋದರತ್ತೆ ಇದ್ದಳೆಂದು ಮೊದಲ ಬಾರಿಗೆ ತಿಳಿದದ್ದು ಆಗಲೇ. ಅವರಿಗಿಂತ ಮೂರು ವರ್ಷ ದೊಡ್ಡವಳು; ಒಂಬತ್ತನೆಯ ವಯಸ್ಸಿನಲ್ಲಿ ಮಳೆಗಾಲದ ಜ್ವರದಲ್ಲಿ ಹೋದಳು. ಜಗಲಿಯಲ್ಲಿ ಎರಡು ಕಂಬಳಿ ಹೊದಿಸಿದರೂ ಮಂಚ ಕಟಕಟ ಅನ್ನುತ್ತಿತ್ತು ಎಂದರು. ಮನೆಯಲ್ಲಿ ಅವಳ ಪಟವಿಲ್ಲ. ಇಪ್ಪತ್ತು ವರ್ಷಗಳಿಂದ ಪ್ರತಿ ರೋಗಿಯ ಕುಟುಂಬದ ಆರೋಗ್ಯ ಚರಿತ್ರೆ ಬರೆದುಕೊಳ್ಳುವ ನಾನು ನನ್ನ ತಂದೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ವಿಕೆನ್ನಿನ ಗಿರಣಿ ಈಗ ತಿರುವುಮುರುವಾಗಿದೆ. ಸುತ್ತಲಿನ ಹೊಲಗಳು ಕುಸಿದಿರುವುದರಿಂದ ಉಳಿದ ಜೌಗು ಒಣಗದಿರಲೆಂದು, ಅಪರೂಪದ ಹಕ್ಕಿ, ಕೀಟ, ಸಸ್ಯಗಳಿಗಾಗಿ, ನೀರನ್ನು ಒಳಕ್ಕೆ ಎತ್ತಲು ಅದನ್ನು ಬಳಸಿದ್ದಾರೆ. ಇದನ್ನು ಕೇಳಿ ಅಪ್ಪಯ್ಯ, "ಮತ್ತೆ ನೀರು ತುಂಬ್ತಾರಾ?" ಎಂದು ನನ್ನನ್ನೇ ತಪ್ಪಿತಸ್ಥನಂತೆ ನೋಡಿದರು. ಈ ದೇಶದಲ್ಲಿ ಸೊಳ್ಳೆಯಿದ್ದರೂ ರೋಗಾಣು ಇಲ್ಲವೆಂದು, ಹೆದರಬೇಕಿಲ್ಲವೆಂದು ವಿವರಿಸಿದೆ. ಹೌದು ಹೌದು ಎಂದು ತಲೆಯಾಡಿಸಿದರು. ಸಂಜೆ ಬಿಸಿಲು ಇನ್ನೂ ಚೆನ್ನಾಗಿಯೇ ಇತ್ತು. ಮಡಿಚಿದ್ದ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ, ಗುಂಡಿ ಹಾಕಿಕೊಂಡು, ಕಾರಿನತ್ತ ನಡೆದರು.