ತಲೆ ಮೇಲೆ ಹೊರಬಹುದಾದ ಪುಸ್ತಕ

ಏಪ್ರಿಲ್ ಬಂತೆಂದರೆ ಕೆಂಗೇರಿ ಉಪನಗರದ ಮನೆಯೊಡೆಯರಿಗೆ ಎರಡು ಚಿಂತೆ: ಒಂದು ಬೋರ್‌ವೆಲ್, ಇನ್ನೊಂದು ಕಂದಾಯ. ಈ ತಿಂಗಳೇ ಪೂರ್ತಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ ಎಂಬ ಆಸೆಗೆ ನಾನೂ ಕಟ್ಟಿ, ಕರಗಳ ಲೆಕ್ಕ ನೋಡುತ್ತ ಕೂತಿದ್ದೆ. ತೆರಿಗೆಯ ಮೇಲೆ ಆರೋಗ್ಯಕ್ಕೆ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರಿಗೆ 3. ಪುಸ್ತಕ ಓದುವವನು ಪೂರ್ತಿ ಆರೋಗ್ಯವಂತನೂ ಅಲ್ಲ, ಪೂರ್ತಿ ಭಿಕ್ಷುಕನೂ ಅಲ್ಲ ಎಂಬುದು 1965ರ ಗ್ರಂಥಾಲಯ ಕಾಯ್ದೆ ಮಾಡಿದವರಿಗೆ ಹೊಳೆದಿತ್ತೋ ಏನೋ!

“ದುಡ್ಡು ಕೊಟ್ಟಾಗಿದೆ. ಪುಸ್ತಕ ತರದಿದ್ರೆ ನಷ್ಟ ನಮಗೇ ಅಲ್ವೇನ್ರೀ?” ಎಂದಳು ಮನೆಯವಳು. ಮಕ್ಕಳಿಗೆ ರಜೆ, ನನಗೆ ಮಧ್ಯಾಹ್ನದ ಸೆಕೆ. ತರುವುದೇನೋ ಸರಿ, ಬೇಸಿಗೆಗೆ ಯಾವ ಪುಸ್ತಕ?

ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಗಳಗನಾಥರು ನೆನಪಾಗುತ್ತಾರೆ. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಶಾಲಾ ಮಾಸ್ತರರು, ವರದೆ ತುಂಗಭದ್ರೆಯನ್ನು ಸೇರುವ ಊರಿನವರು, ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡವರು. ಮುಂಬೈ ಪ್ರಾಂತ್ಯದ ಆ ಭಾಗದಲ್ಲಿ ಓದು ಬಲ್ಲವರು ಮರಾಠಿ ಓದುತ್ತಿದ್ದ ಕಾಲ. ಇವರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ಒಗ್ಗಿಸಿದರು, ತಾವೂ ಬರೆದರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು. ಅಷ್ಟಕ್ಕೇ ನಿಂತಿದ್ದರೆ ಸಾಹಿತ್ಯ ಚರಿತ್ರೆಯ ಒಂದು ಪ್ಯಾರಾ ಆಗಿ ಉಳಿಯುತ್ತಿದ್ದರು. ಆದರೆ ಅಚ್ಚಾದ ಪುಸ್ತಕಗಳ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಮಾರಿದರು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಗಂಟು.

ಸಾಹಿತ್ಯ ಸೇವೆ, ತ್ಯಾಗ ಎಂದೆಲ್ಲ ಕೈಮುಗಿದು ನಾವು ಈ ಸಂಗತಿಯನ್ನು ಬೇಗ ದಾಟಿಬಿಡುತ್ತೇವೆ. ನಾನು ಮಾತ್ರ ಆ ತಲೆಯ ಬಗ್ಗೆ ಯೋಚಿಸುತ್ತೇನೆ. ಹಾವೇರಿ ಸೀಮೆಯ ಬಿಸಿಲು, ಎರೆಮಣ್ಣಿನ ದಾರಿ. ಮುಂದಿನ ಊರಿನ ಜಗಲಿಯಲ್ಲಿ ಕೂತವರು ಗಂಟು ಬಿಚ್ಚಿಸಿ, ನಾಲ್ಕು ಪುಟ ತಿರುವಿ, ಬೇಡವೆಂದರೆ ಅಷ್ಟೂ ಭಾರ ಮತ್ತೆ ನೆತ್ತಿಗೇ. ಹೀಗಿರುವಾಗ ಮನುಷ್ಯ ಎಂಥ ಪುಸ್ತಕ ಬರೆಯುತ್ತಾನೆ? ಮೊದಲ ಅಧ್ಯಾಯದಲ್ಲೇ ಕತ್ತಿ ಝಳಪಿಸಬೇಕು, ರಾಜಕುಮಾರಿ ಅಪಾಯಕ್ಕೆ ಸಿಕ್ಕಬೇಕು. ವಿಜಯನಗರ ಹುಟ್ಟಿದ ಕಥೆ ‘ಮಾಧವ ಕರುಣಾ ವಿಲಾಸ’ ಅಷ್ಟು ರೋಚಕವಾಗಿರುವುದಕ್ಕೆ ವಿಮರ್ಶಕರು ಏನೇ ಕಾರಣ ಕೊಡಲಿ, ಅರ್ಧ ಕಾರಣ ಲೇಖಕರ ಕುತ್ತಿಗೆ ನೋವು ಎಂಬುದು ನನ್ನ ಬಲವಾದ ಗುಮಾನಿ. ಕನ್ನಡಕ್ಕೆ ಓದುಗರನ್ನು ಮಾಡಿಕೊಟ್ಟವರು ಎಂಬ ಕೀರ್ತಿ ಸಿಕ್ಕಿತು, ದುಡ್ಡು ಸಿಗಲಿಲ್ಲ. 1942ರಲ್ಲಿ ತೀರಿಕೊಂಡಾಗಲೂ ಬಡವರೇ.

ಮುಂದೆ ಈ ಗಂಟು ಬೇರೆಯವರ ತಲೆಗೆ ದಾಟಿತು. ಹೆಚ್ಚು ಓದಲಾಗದೆ ಶಾಲೆ ಬಿಟ್ಟ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಬೀದಿಗಿಳಿಸಿ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ನಮ್ಮಮ್ಮ ವಿಜಯನಗರ ಬಡಾವಣೆಯಲ್ಲಿದ್ದಾಗ ಬೀದಿ ತುದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗೆ ನನ್ನನ್ನು ಅಟ್ಟುತ್ತಿದ್ದರು. “ಎರಡು ತಗೊಂಡು ಬಾರೋ. ಒಂದು ಅತ್ತು ಮುಗಿಸೋಕೆ, ಒಂದು ನಕ್ಕು ಮುಗಿಸೋಕೆ.” ಅಳುವುದಕ್ಕೆ ತ್ರಿವೇಣಿ ಇದ್ದೇ ಇದ್ದರು, ನಗುವುದಕ್ಕೆ ಬೀಚಿ. ನಾನು ಚಡ್ಡಿ ಜೇಬಿಗೆ ಪುರುಷೋತ್ತಮನನ್ನು ತುರುಕಿಕೊಂಡು ಬರುತ್ತಿದ್ದೆ. ಅಮ್ಮ ಬೈದದ್ದಿಲ್ಲ, ನಾನು ನಿದ್ದೆ ಹೋದ ಮೇಲೆ ಕೊಲೆಗಾರ ಯಾರೆಂದು ಅವರೇ ನೋಡಿರುತ್ತಿದ್ದರು.

ಈಗ ಆ ವಿಜಯನಗರಕ್ಕೂ ನಮ್ಮ ಕೆಂಗೇರಿಗೂ ಒಂದೇ ನೇರಳೆ ಮೆಟ್ರೊ. 2021ರಿಂದ ಇಲ್ಲಿಯವರೆಗೂ ಓಡುತ್ತಿದೆ. ಬೋಗಿ ತುಂಬ ಬಗ್ಗಿದ ಕತ್ತುಗಳು, ಎಲ್ಲ ಮೊಬೈಲಿನ ಮೇಲೆ. ಗಳಗನಾಥರು ಗಂಟು ಹೊತ್ತು ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಹತ್ತಿದರೆ ಮೊದಲು ಭದ್ರತಾ ಸಿಬ್ಬಂದಿ ಗಂಟು ಬಿಚ್ಚಿಸುತ್ತಾರೆ. ಬಿಚ್ಚಿಸಿದವರಲ್ಲಿ ಒಬ್ಬರಾದರೂ ಪುಟ ತಿರುವದೆ ಇರುತ್ತಾರೆಯೇ? ಗಳಗನಾಥರಿಗೆ ಬೇಕಾದದ್ದೂ ಅಷ್ಟೇ ತಾನೆ!

ಹಾಗಾಗಿ ಬೇಸಿಗೆಯ ಪುಸ್ತಕಕ್ಕೆ ನನ್ನ ತಕ್ಕಡಿ ಗಳಗನಾಥರ ತಲೆ. ಈ ಬಿಸಿಲಲ್ಲಿ ಹೊತ್ತು ಎರಡು ಮೈಲಿ ನಡೆಯಬಲ್ಲೆನೇ? ಗೊರೂರರ ‘ಹಳ್ಳಿಯ ಚಿತ್ರಗಳು’ ಹೊರಬಹುದು. ತೇಜಸ್ವಿಯವರ ‘ಕರ್ವಾಲೊ’ ಹೊತ್ತು ಓಡಬಹುದು. ಎಂ.ಕೆ. ಇಂದಿರಾ ಅವರ ‘ತುಂಗಭದ್ರ’ ಸರಿ. ‘ಮಲೆಗಳಲ್ಲಿ ಮದುಮಗಳು’ ತೂಕದ ಪುಸ್ತಕವೇ. ಆದರೂ ಮಲೆಯ ಮಳೆ ಬೇಸಿಗೆಯಲ್ಲಿ ಬೇಕೇ ಬೇಕು, ಹೊರುತ್ತೇನೆ. ಅಭಿನಂದನ ಗ್ರಂಥಗಳನ್ನು ಮಾತ್ರ ಅಭಿನಂದಿತರೇ ಹೊರಲಿ. ಪಂಡಿತರು ಗಂಭೀರವೋ ಲಘುವೋ ಎಂದು ವಿಂಗಡಿಸುತ್ತಾ ಇರಲಿ. ಲಘುವಾದ ಪುಸ್ತಕಗಳೇ ಕನ್ನಡದ ಓದನ್ನು ಇಷ್ಟು ದೂರ ಹೊತ್ತು ತಂದಿವೆ.

ನಿಮ್ಮ ಬಡಾವಣೆಯಲ್ಲೂ ಒಂದು ಶಾಖಾ ಗ್ರಂಥಾಲಯ ಇದ್ದೀತು. ಸ್ಕೂಟರು ಮನೆಯಲ್ಲೇ ಬಿಟ್ಟು ನಡೆದು ಹೋಗಿ, ಮೂರು ನಾಲ್ಕು ಪುಸ್ತಕ ತನ್ನಿ. ಅರ್ಧ ದಾರಿಯಲ್ಲಿ ಯಾವುದು ಭಾರ ಅನ್ನಿಸುತ್ತದೋ ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.