ಮೂರು ರಹದಾರಿಗಳು

ಭೂಪಟದಲ್ಲಿ ಸರಹದ್ದೆಂಬುದು ಶಾಯಿಯ ಒಂದು ಎಳೆ. ಶಾಲೆಯ ಮಕ್ಕಳು ಅದರ ಒಂದು ಬದಿಗೆ ಹಳದಿಯನ್ನೂ ಇನ್ನೊಂದು ಬದಿಗೆ ಹಸಿರನ್ನೂ ತುಂಬುತ್ತಾರೆ. ವಿಮಾನದಲ್ಲಿ ಹಾರಿಹೋಗುವವನಿಗೆ ಆ ಎಳೆಯೂ ಕಾಣುವುದಿಲ್ಲ. ಸರಹದ್ದಿನ ನಿಜಸ್ವರೂಪ ತಿಳಿಯಬೇಕಾದರೆ ಮೋಟಾರು ಬಸ್ಸಿನಲ್ಲಿ ಹೋಗಬೇಕು. ಅದರ ಬಾಯಲ್ಲಿ ಇಳಿದು, ಕಾಲುನಡಿಗೆಯಲ್ಲಿ ದಾಟಬೇಕು. ಜೊತೆಗೆ ಗೆಳೆಯರಿದ್ದರೆ ಸರಹದ್ದಿನೊಡನೆ ಗೆಳೆತನದ ಸ್ವರೂಪವೂ ಒಂದಿಷ್ಟು ತಿಳಿದೀತು.

ದಕ್ಷಿಣ ಅಮೆರಿಕದ ಪೆರು, ಬೊಲಿವಿಯ ದೇಶಗಳ ನಡುವೆ ಟಿಟಿಕಾಕ ಎಂಬ ಸರೋವರವಿದೆ. ಸಮುದ್ರಮಟ್ಟದಿಂದ 3,812 ಮೀಟರು ಎತ್ತರದಲ್ಲಿ ಹರಡಿಕೊಂಡ ನೀರು ಅದು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಅಂಥದೇ ಇನ್ನೊಂದು ಬೆಟ್ಟವನ್ನು ಕೂರಿಸಿದರೆ ಆ ನೀರಿನ ಮಟ್ಟ ಹೆಚ್ಚುಕಡಿಮೆ ಮುಟ್ಟಬಹುದು. ಅಲ್ಲಿನ ಒಂದು ಉಸಿರಿನಲ್ಲಿ ಸಿಕ್ಕುವ ಪ್ರಾಣವಾಯು ಕಡಲತೀರದ ಉಸಿರಿನ ಮೂರರಲ್ಲಿ ಎರಡು ಪಾಲು ಮಾತ್ರ. ಹೊಸಬನಿಗೆ ತಲೆ ಸಿಡಿಯುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಈ ಕೊನೆಯ ಲಕ್ಷಣವನ್ನು ವೈದ್ಯರಿಗಿಂತ ಸಹಪ್ರಯಾಣಿಕರೇ ಚೆನ್ನಾಗಿ ಬಲ್ಲರು.

2019ರ ಜುಲೈ ತಿಂಗಳಲ್ಲಿ ಮೂವರು ತರುಣರು ಬೆನ್ನಿಗೊಂದು ಚೀಲ ಹೊತ್ತು ಈ ಸರೋವರದ ದಡದಲ್ಲಿರುವ ಪೂನೊ ಎಂಬ ಪೆರುವಿನ ಊರಿಗೆ ಬಂದಿಳಿದರು. ಒಬ್ಬ ಮೈಸೂರಿನವನು, ಒಬ್ಬ ಜರ್ಮನಿಯವನು, ಮತ್ತೊಬ್ಬ ಚಿಲಿ ದೇಶದವನು. ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಒಟ್ಟಿಗೆ ಓದಿ, ಒಂದೇ ಅಡುಗೆಮನೆಯಲ್ಲಿ ಎರಡು ವರ್ಷ ಪಾತ್ರೆ ತೊಳೆದವರು. ಅಷ್ಟು ದಿನವೂ ಅವರ ನಡುವೆ ಯಾವ ಭೇದವೂ ಕಂಡಿರಲಿಲ್ಲ. ಭೇದವಿದ್ದದ್ದು ಅವರ ಜೇಬಿನಲ್ಲಿ.

ಹಿಂದಿನವರು ರಹದಾರಿ ಎಂದು ಕರೆಯುತ್ತಿದ್ದ ಪತ್ರವೇ ಇಂದಿನ ಪಾಸ್‌ಪೋರ್ಟು. ಜರ್ಮನಿಯವನು ತನ್ನದನ್ನು ತೋರಿಸಿದರೆ ಬೊಲಿವಿಯದವರು ಮುದ್ರೆಯೊತ್ತಿ ಒಳಗೆ ಬಿಡುತ್ತಾರೆ. ಚಿಲಿಯವನಿಗೆ ಅದೂ ಬೇಡ. ನೆರೆಹೊರೆಯ ದೇಶಗಳ ಒಪ್ಪಂದದಂತೆ ಗುರುತಿನ ಚೀಟಿಯೇ ಸಾಕು. ಮೈಸೂರಿನವನು ಮಾತ್ರ ವೀಸಾ ಪಡೆಯಬೇಕು. ಪೂನೊ ಊರಿನಲ್ಲಿರುವ ಬೊಲಿವಿಯದ ಕಾನ್ಸುಲೇಟಿಗೆ ಅವನು ಭಾವಚಿತ್ರ, ಬ್ಯಾಂಕಿನ ಲೆಕ್ಕ, ಇಳಿದುಕೊಳ್ಳುವ ಊಟವಸತಿಯ ಪತ್ರ ಇವನ್ನೆಲ್ಲ ಹಿಡಿದು ಅಲೆದದ್ದರಲ್ಲಿ ಒಂದು ದಿನ ಕಳೆಯಿತು. ಜೊಂಡು ಹುಲ್ಲನ್ನು ಹಾಸಿ ಮಾಡಿದ ತೇಲುವ ದ್ವೀಪಗಳನ್ನು ನೋಡಲು ಅಂದು ಮೂವರೂ ಹೋಗಬೇಕಾಗಿತ್ತು, ಹೋಗಲಾಗಲಿಲ್ಲ. ರಾತ್ರಿ ಊಟದ ಮೇಜಿನಲ್ಲಿ ಜರ್ಮನಿಯವನ ಬಾಯಿಂದ ಒಂದು ಮಾತು ಜಾರಿತು: “ನಿನ್ನ ಪಾಸ್‌ಪೋರ್ಟಿನ ದೆಸೆಯಿಂದ ನಮಗೂ ಒಂದು ದಿನ ಹೋಯಿತು.”

ಲೆಕ್ಕದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕೆಲವು ಸತ್ಯಗಳು ಗೆಳೆಯನ ಬಾಯಿಂದ ಬರಬಾರದು. ಮೈಸೂರಿನವನು ಮರುನುಡಿಯದೆ ಎದ್ದುಹೋಗಿ ಮಲಗಿದ.

ಮರುದಿನ ಬೆಳಗಿನ ಬಸ್ಸು ಸರೋವರದ ಅಂಚನ್ನೇ ಹಿಡಿದು ಹೊರಟಿತು. ಅದು ಅಲ್ಲಿ ಚಳಿಗಾಲ. ಆಕಾಶ ಕಣ್ಣು ಕುಕ್ಕುವ ನೀಲಿ. ಗದ್ದೆಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಅಲ್ಲಲ್ಲಿ ಹೆಂಗಸರು ನೆಲದ ಮೇಲೆ ಗೋಲಿಗಿಂತ ತುಸು ದೊಡ್ಡದಾದ ಆಲೂಗಡ್ಡೆಗಳನ್ನು ಹರವಿದ್ದರು. ನಮ್ಮ ಮನೆಗಳಲ್ಲಿ ಬೇಸಗೆಯ ಬಿಸಿಲಿಗೆ ಹಪ್ಪಳ ಸಂಡಿಗೆ ಹರವುವಂತೆ ಅಲ್ಲಿನವರು ಚಳಿಗಾಲದ ಹಿಮಕ್ಕೆ ಆಲೂಗಡ್ಡೆ ಹರವುತ್ತಾರೆ. ರಾತ್ರಿ ಅದು ಹೆಪ್ಪುಗಟ್ಟುತ್ತದೆ; ಹಗಲು ಕರಗಿದಾಗ ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ; ಬಳಿಕ ಬಿಸಿಲಿಗೆ ಒಣಗಿಸುತ್ತಾರೆ. ಚುನ್ಯೊ ಎಂಬ ಈ ಕಪ್ಪು ಗಡ್ಡೆ ವರ್ಷಗಟ್ಟಲೆ ಕೆಡುವುದಿಲ್ಲ. ಜಗತ್ತಿಗೆ ಆಲೂಗಡ್ಡೆಯನ್ನು ಕೊಟ್ಟದ್ದೇ ಈ ಪರ್ವತಸೀಮೆ. ನಮ್ಮ ಹುಳಿಗೂ ಪಲ್ಯಕ್ಕೂ ಬೀಳುವ ಗಡ್ಡೆ ಯಾವ ವೀಸಾವನ್ನೂ ಕೇಳದೆ ಪೋರ್ಚುಗೀಸರ ಹಡಗಿನ ಕಾಲದಲ್ಲಿ ಹಿಂದೂಸ್ಥಾನಕ್ಕೆ ಬಂದುಬಿಟ್ಟಿತು.

ಕಸಾನಿ ಎಂಬಲ್ಲಿ ರಸ್ತೆ ಒಂದು ದಿಣ್ಣೆಯನ್ನು ಹತ್ತುತ್ತದೆ. ಈಚೆ ಪೆರುವಿನ ಕಚೇರಿ, ದಿಣ್ಣೆಯ ಮೇಲೆ ಕಲ್ಲಿನ ಕಮಾನು, ಆಚೆ ಬೊಲಿವಿಯದ ಕಚೇರಿ. ಪ್ರಯಾಣಿಕರೆಲ್ಲ ಇಳಿದು ಒಂದು ಕಡೆ ಬೀಳ್ಕೊಡುವ ಮುದ್ರೆ, ಇನ್ನೊಂದು ಕಡೆ ಬರಮಾಡಿಕೊಳ್ಳುವ ಮುದ್ರೆ ಹಾಕಿಸಿಕೊಳ್ಳಬೇಕು. ಖಾಲಿ ಬಸ್ಸು ಮುಂದೆ ಹೋಗಿ ಆಚೆ ಕಾಯುತ್ತದೆ. ಕಮಾನನ್ನು ದಾಟಿದೊಡನೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಬೇಕು. ಹತ್ತು ಹೆಜ್ಜೆಗೆ ಆಯುಷ್ಯದ ಒಂದು ಗಂಟೆ ಮಾಯ!

ಈ ಮುದ್ರೆಗಳ ಗೊಡವೆ ಹೆಚ್ಚಾಗಿ ತಟ್ಟದವರೂ ಅಲ್ಲಿದ್ದಾರೆ. ಎರಡೂ ಬದಿಯ ಹಳ್ಳಿಗಳಲ್ಲಿರುವವರು ಐಮಾರ ಜನ. ಒಂದೇ ಭಾಷೆ, ಒಂದೇ ಉಡುಪು, ಕೊಟ್ಟು ತಂದ ನಂಟು. ಬಣ್ಣದ ಪಟ್ಟೆಯ ಕಂಬಳಿಯಲ್ಲಿ ಕೂಸನ್ನೋ ಸಾಮಾನನ್ನೋ ಬೆನ್ನಿಗೆ ಬಿಗಿದು, ತಲೆಯ ಮೇಲೆ ಗುಂಡು ಟೋಪಿ ಇಟ್ಟ ಹೆಂಗಸರು ನೆರೆಯ ಬೀದಿಗೆ ಹೋದಷ್ಟು ಸಲೀಸಾಗಿ ಕಮಾನನ್ನು ದಾಟುತ್ತಾರೆ. ಒಂದೇ ಮಾತನಾಡುವ ಜನರ ನಡುವೆ ಗೆರೆ ಬಿದ್ದಾಗ ಬಾಳು ಹೇಗೆ ಸಾಗುತ್ತದೆಂಬುದನ್ನು 1956ರಿಂದೀಚೆಗಿನ ಕಾಸರಗೋಡನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿಲಿಯವನು ಎರಡು ನಿಮಿಷದಲ್ಲಿ ಹೊರಬಂದ. ಜರ್ಮನಿಯವನಿಗೆ ಮೂರು ನಿಮಿಷ ಹಿಡಿಯಿತು. ಮೈಸೂರಿನವನ ರಹದಾರಿಯನ್ನು ಗುಮಾಸ್ತ ಮೊದಲಿನಿಂದ ಕೊನೆಯವರೆಗೆ ಮಗುಚಿ, ಹೊಸ ವೀಸಾವನ್ನು ಬೆಳಕಿಗೆ ಹಿಡಿದು, ಅದನ್ನೆತ್ತಿಕೊಂಡು ಒಳಕೋಣೆಗೆ ಹೋದ. ಅಲ್ಲಿಂದ ದೂರವಾಣಿಯ ಮಾತು ಕೇಳಿಸುತ್ತಿತ್ತು. ಗುಮಾಸ್ತ ಒರಟನೇನಲ್ಲ, ಕುಳಿತುಕೊಳ್ಳಲು ಕುರ್ಚಿಯನ್ನೂ ಕೊಟ್ಟಿದ್ದ. ಆದರೂ ಕಿಟಕಿಯ ಮುಂದೆ ಒಬ್ಬನೇ ಉಳಿದವನಿಗೆ, ತಾನು ಮಾಡದ ಯಾವುದೋ ತಪ್ಪಿಗೆ ಸಮಜಾಯಿಷಿ ಹುಡುಕುವಂತಾಗುತ್ತದೆ.

ಅರ್ಧ ಗಂಟೆಯ ಮೇಲೆ ಬಸ್ಸಿನ ಚಾಲಕ ಬಂದ. “ಸ್ವಾಮಿ, ಒಳಗೆ ಮೂವತ್ತು ಮಂದಿ ಕೂತಿದ್ದಾರೆ. ಮುಂದೆ ಲಾ ಪಾಸಿನ ಬಸ್ಸು ಹಿಡಿಯಬೇಕಾದವರಿದ್ದಾರೆ. ಇನ್ನು ಹತ್ತು ನಿಮಿಷ ಮಾತ್ರ ಕಾಯಬಲ್ಲೆ.” ಅವನ ಮಾತು ನ್ಯಾಯವಾದದ್ದೇ.

ಮೈಸೂರಿನವನು ಬಾಗಿಲಿಗೆ ಬಂದು ಹೇಳಿದ: “ನೀವಿಬ್ಬರೂ ಹೋಗಿ. ನಾನು ಹಿಂದಿನಿಂದ ಬರುತ್ತೇನೆ. ಇನ್ನೊಂದು ದಿನ ನನ್ನಿಂದ ಹೋಗುವುದು ಬೇಡ.”

ಆ ಕೊನೆಯ ಮಾತು ಯಾರಿಗೆ ಹೇಳಿದ್ದೆಂಬುದು ಮೂವರಿಗೂ ಗೊತ್ತಿತ್ತು. ಚಿಲಿಯವನು ಏನೋ ಸಮಾಧಾನ ಹೇಳತೊಡಗಿದ. ಜರ್ಮನಿಯವನು ಸುಮ್ಮನೆ ಬಸ್ಸಿನ ಕಡೆ ನಡೆದ. ಅವನು ಹೊರಟೇಹೋದನೆಂದು ಮೈಸೂರಿನವನು ಒಂದು ಕ್ಷಣ ನಂಬಿದ್ದುಂಟು. ಅಷ್ಟರಲ್ಲಿ ಬಸ್ಸಿನ ಹೊಟ್ಟೆಯಿಂದ ಒಂದು ಚೀಲ ನೆಲಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೂರನ್ನೂ ರಸ್ತೆಯ ಅಂಚಿನಲ್ಲಿ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲಿಸಿ, ಅವನು ಚಾಲಕನಿಗೆ ಕೈಬೀಸಿದ. ಬಸ್ಸು ಹೊರಟಿತು. ಹಿಂದಿನ ರಾತ್ರಿಯ ಮಾತಿಗೆ ಅವನು ಕ್ಷಮೆ ಬೇಡಲಿಲ್ಲ. ಆಮೇಲೂ ಬೇಡಿದಂತೆ ತಿಳಿಯದು.

ಮುದ್ರೆ ಬೀಳುವ ಹೊತ್ತಿಗೆ ಇನ್ನೂ ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಬೇಯಿಸಿದ ಆಲೂಗಡ್ಡೆ ಮಾರುವ ಮುದುಕಿಯೊಬ್ಬಳಿಂದ ಒಂದು ಪೊಟ್ಟಣ ಕೊಂಡದ್ದಾಯಿತು. ಮೈಸೂರಿನವನ ಚೀಲದ ತಳದಲ್ಲಿ, ತಾಯಿ ಕಳುಹಿಸಿದ ಚಟ್ನಿಪುಡಿಯ ಡಬ್ಬಿಯಲ್ಲಿ ಎರಡು ಚಮಚದಷ್ಟು ಉಳಿದಿತ್ತು. ಬಿಸಿ ಗಡ್ಡೆಯನ್ನು ಅದರಲ್ಲಿ ಹೊರಳಿಸಿ ಮೂವರೂ ತಿಂದರು. ಮುದುಕಿಗೂ ಒಂದು ಚಿಟಿಕೆ ಕೊಟ್ಟಾಗ ಅವಳು ನಾಲಗೆಯ ತುದಿಗೆ ಇಟ್ಟುಕೊಂಡು ಕೆಮ್ಮಿ ನಕ್ಕಳು. ಅಲ್ಲಿಂದ ಕೋಪಕಬಾನ ಪಟ್ಟಣಕ್ಕೆ ಎಂಟು ಕಿಲೋಮೀಟರು. ಬಾಡಿಗೆಯ ವ್ಯಾನೊಂದರಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಹೋದರು.

ಕೋಪಕಬಾನದಲ್ಲಿ ಮೇರಿಮಾತೆಯ ಪ್ರಸಿದ್ಧ ದೇಗುಲವಿದೆ. ಹದಿನಾರನೆಯ ಶತಮಾನದಲ್ಲಿ ಟಿಟೊ ಯುಪಂಕಿ ಎಂಬ ಸ್ಥಳೀಯ ಶಿಲ್ಪಿ ಕಡೆದ ಮೂರ್ತಿ ಅದರಲ್ಲಿದೆ. ರಿಯೊ ನಗರದ ಹೆಸರಾಂತ ಕಡಲತೀರಕ್ಕೆ ಕೋಪಕಬಾನ ಎಂಬ ಹೆಸರು ಹೋದದ್ದು ಈ ಮಾತೆಯಿಂದಲೇ. ದೇಗುಲದ ಮುಂದೆ ಲಾರಿ, ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಹೂಮಾಲೆ ಹಾಕಿ, ಪಾದ್ರಿಯಿಂದ ತೀರ್ಥ ಚಿಮುಕಿಸುತ್ತಾರೆ. ಮೈಸೂರಿನವನಿಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ. ಆಯುಧಪೂಜೆಯ ದಿನ ಬಸ್ ನಿಲ್ದಾಣಗಳನ್ನು ಕಂಡವನು; ನಿಂಬೆಹಣ್ಣೊಂದು ಕಡಿಮೆ, ಅಷ್ಟೆ.

ಮರುದಿನದ ದಾರಿಯಲ್ಲಿ ಟಿಕೀನ ಎಂಬ ಜಲಸಂಧಿ. ಸರೋವರ ಅಲ್ಲಿ ಒಂದು ಕಿಲೋಮೀಟರಿಗೂ ಕಿರಿದಾಗುತ್ತದೆ. ಬಸ್ಸನ್ನು ಮರದ ತೆಪ್ಪಕ್ಕೆ ಹತ್ತಿಸುತ್ತಾರೆ. ಜನರಿಗೆ ಬೇರೆ ದೋಣಿ. ದಡದಲ್ಲಿ ಬೊಲಿವಿಯದ ನೌಕಾಪಡೆಯ ನೆಲೆಯಿದೆ. ಕಡಲಿಲ್ಲದ ದೇಶಕ್ಕೆ ನೌಕಾಪಡೆಯೇಕೆಂದು ಹೊಸಬರು ನಗುತ್ತಾರೆ. ಅದು ನಗುವ ಸಂಗತಿಯಲ್ಲ. 1879ರಲ್ಲಿ ಮೊದಲಾದ ಯುದ್ಧದಲ್ಲಿ ಬೊಲಿವಿಯ ತನ್ನ ಸುಮಾರು 400 ಕಿಲೋಮೀಟರು ಕಡಲತೀರವನ್ನು ಚಿಲಿಗೆ ಕಳೆದುಕೊಂಡಿತು. 1904ರ ಒಪ್ಪಂದದಲ್ಲಿ ಅದನ್ನು ಬರೆದುಕೊಟ್ಟೂ ಆಯಿತು. ಇಂದಿಗೂ ಪ್ರತಿ ಮಾರ್ಚ್ 23ರಂದು ಆ ದೇಶ ಕಡಲಿನ ದಿನವನ್ನು ಆಚರಿಸುತ್ತದೆ. ಮೂವರು ಅಲ್ಲಿಗೆ ಹೋಗುವ ಹಿಂದಿನ ವರ್ಷವಷ್ಟೆ, 2018ರ ಅಕ್ಟೋಬರಿನಲ್ಲಿ, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ, ಈ ಬಗ್ಗೆ ಮಾತುಕತೆಗೆ ಕೂರಲೇಬೇಕೆಂಬ ಕಟ್ಟುಪಾಡು ಚಿಲಿಗಿಲ್ಲವೆಂದು ತೀರ್ಪಿತ್ತಿತ್ತು. ಹಳೆಯ ವೈರಿಯ ಮಗ ಗುರುತಿನ ಚೀಟಿ ತೋರಿಸಿ ಎರಡು ನಿಮಿಷದಲ್ಲಿ ಒಳಬಂದಿದ್ದ. ಯಾವ ಜಗಳವೂ ಇಲ್ಲದ ದೂರದ ದೇಶದವನು ಕಿಟಕಿಯ ಮುಂದೆ ಕಾದಿದ್ದ. ರಾಜ್ಯಗಳ ಲೆಕ್ಕ ಮನುಷ್ಯರ ಲೆಕ್ಕದಂತೆ ನಡೆಯುವುದಿಲ್ಲ.

ದೋಣಿಯಲ್ಲಿ ಎದುರಿಗೆ ಕುಳಿತ ವಯಸ್ಸಾದ ಹೆಂಗಸೊಬ್ಬಳು ಯಾವ ಊರಿನವರೆಂದು ಒಬ್ಬೊಬ್ಬರನ್ನೇ ಕೇಳಿದಳು. ಇಂಡಿಯ, ಜರ್ಮನಿ ಎಂದಾಗ ತಲೆದೂಗಿದಳು. ನೌಕಾನೆಲೆಯ ಬಾವುಟ ಇನ್ನೂ ಕಣ್ಣಿಗೆ ಕಾಣುತ್ತಿತ್ತು. ಚಿಲಿಯವನು ತುಸು ಹೊತ್ತು ಸುಮ್ಮನಿದ್ದ. ಮೈಸೂರಿನವನು ಅವನ ಕಡೆಗೆ ಒಂದಿಷ್ಟು ಒತ್ತಿ ಕುಳಿತ.

“ಚಿಲಿ, ಅಮ್ಮ,” ಎಂದ ಅವನು, ಮೆಲ್ಲಗೆ.

“ಚಿಲಿಯೇ? ಹಾಗಾದರೆ ಸಮುದ್ರ ನೋಡಿರಬೇಕು ನೀನು,” ಎಂದಳು ಅವಳು. “ಅದರ ಆಚೆಯ ದಡ ಕಾಣಿಸುವುದೇ ಇಲ್ಲವಂತೆ, ನಿಜವೇ?”

ಅವನು ಹೇಳತೊಡಗಿದ. ಹೇಳಿ ಮುಗಿಯುವ ಮೊದಲೇ ದೋಣಿ ದಡಕ್ಕೆ ತಾಗಿತು. ಅವಳು ಗಂಟನ್ನು ಬೆನ್ನಿಗೇರಿಸಿಕೊಂಡು ಅವನ ಕೈ ಹಿಡಿದು ಇಳಿದಳು. ಬಸ್ಸಿನ ತೆಪ್ಪ ಇನ್ನೂ ನಡುನೀರಿನಲ್ಲಿತ್ತು.