ಮೈಲುತುತ್ತವೂ ನನ್ನ ಸಿವಿಯೂ

“ಎಂತ ಬರೀತಿದ್ದೀಯೆ ಇಷ್ಟೊತ್ತಿನಲ್ಲಿ?” ಎಂದು ಅಪ್ಪಯ್ಯ ವಿಡಿಯೊ ಕಾಲ್‌ನಲ್ಲಿ ಕೇಳಿದರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಗ ಬೆಳಗಿನ ಐದೂವರೆ. ಸ್ಕಾಟ್ಲೆಂಡ್‌ನಲ್ಲಿ ನನಗೆ ನಡುರಾತ್ರಿ.

“ನನ್ನ ಬಗ್ಗೆನೇ ಬರ್ಕೊಳ್ತಿದ್ದೀನಿ ಅಪ್ಪಯ್ಯ.”

“ಅದಕ್ಕೆ ಎರಡು ವಾರ ಬೇಕಾ ಮಾರಾಯ್ತಿ?”

ಬೇಕಾಯಿತು. ನಾನು ಆಲೂಗಡ್ಡೆಯ ಅಂಗಮಾರಿ ರೋಗದ ಮೇಲೆ ಸಂಶೋಧನೆ ಮಾಡುವವಳು. ಕೆಲಸ ಗುತ್ತಿಗೆಯದು, ಮಾರ್ಚ್ ಕೊನೆಗೆ ಮುಗಿಯುತ್ತದೆ. ಅದರೊಳಗೆ ನನ್ನದೇ ಯೋಜನೆಗೆ ಅನುದಾನ ಸಿಗಬೇಕು, ಇಲ್ಲವಾದರೆ ಪೆಟ್ಟಿಗೆ ಕಟ್ಟಬೇಕು. ಹಿಂದೆ ಬೇರೆ ಬೇರೆ ಕಡೆ ಹಾಕಿದ ಎರಡು ಅರ್ಜಿಗಳು ತಿರಸ್ಕೃತವಾಗಿದ್ದವು. ಎರಡರಲ್ಲೂ ಒಂದೇ ಅರ್ಥದ ಟಿಪ್ಪಣಿ ಇತ್ತು: ಪ್ರಕಟಣೆಗಳ ಪಟ್ಟಿಯಲ್ಲಿ ಮೂರು ವರ್ಷದ ತೂತು ಇದೆ. ಆ ಮೂರು ವರ್ಷ ನಾನು ಊರಿನಲ್ಲಿದ್ದೆ. ಅಮ್ಮನಿಗೆ ಪಾರ್ಶ್ವವಾಯು ಆಗಿತ್ತು.

ಈ ಸಲದ ಅರ್ಜಿಯಲ್ಲಿ ಪಟ್ಟಿ ಕೇಳಿರಲಿಲ್ಲ. ಕೇಳಿದ್ದು ನೆರೇಟಿವ್ ಸಿವಿ. ಅಂದರೆ ಇಷ್ಟು ಲೇಖನ, ಇಷ್ಟು ಬಹುಮಾನ ಎಂದು ಸಾಲು ಹಚ್ಚುವುದಲ್ಲ. ಏನು ಮಾಡಿದಿರಿ, ಅದರಿಂದ ಏನಾಯಿತು ಎಂದು ವಾಕ್ಯಗಳಲ್ಲಿ ಹೇಳುವುದು. ಬ್ರಿಟನ್ನಿನ ರಾಯಲ್ ಸೊಸೈಟಿ 2019ರಲ್ಲಿ ಇಂಥ ಮಾದರಿಯೊಂದನ್ನು ಮುಂದಿಟ್ಟಿತ್ತು. ಅದರ ಆಧಾರದ ಮೇಲೆ ಅಲ್ಲಿನ ಸರ್ಕಾರಿ ಅನುದಾನ ಸಂಸ್ಥೆ ಯುಕೆಆರ್‌ಐ ತನ್ನದೊಂದು ನಮೂನೆ ಮಾಡಿಕೊಂಡಿದೆ. ಅದರಲ್ಲಿ ನಾಲ್ಕು ಭಾಗ. ಹೊಸ ಅರಿವಿಗೆ ನಿಮ್ಮ ಕೊಡುಗೆ ಏನು, ಬೇರೆಯವರನ್ನು ಹೇಗೆ ಬೆಳೆಸಿದಿರಿ, ಸಂಶೋಧಕರ ಬಳಗಕ್ಕೆ ಏನು ಮಾಡಿದಿರಿ, ಹೊರಗಿನ ಸಮಾಜಕ್ಕೆ ಏನು ಸಿಕ್ಕಿತು. ನನಗೆ ಕೊಟ್ಟಿದ್ದು ನಾಲ್ಕಕ್ಕೂ ಸೇರಿ 1,150 ಪದ.

ಇದರ ಹಿಂದೆ ಒಂದು ದೊಡ್ಡ ಜಗಳವಿದೆ. ಯಾವ ಪತ್ರಿಕೆ ತರಿಸಬೇಕು ಎಂದು ಲೈಬ್ರರಿಯವರು ನಿರ್ಧರಿಸಲಿ ಎಂದು ಹುಟ್ಟಿದ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಬರಬರುತ್ತಾ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಅದು ಸಾಲದೆ 2005ರಲ್ಲಿ ಎಚ್-ಇಂಡೆಕ್ಸ್ ಬಂತು. ಒಬ್ಬ ವಿಜ್ಞಾನಿಯ ಇಡೀ ಬದುಕಿಗೆ ಒಂದೇ ಅಂಕಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಕೆಲವರು ಇದು ಸರಿಯಲ್ಲ ಎಂದು ಘೋಷಣೆಯೊಂದನ್ನು ಸಿದ್ಧಪಡಿಸಿದರು. ಡೋರಾ ಎಂದು ಅದರ ಹೆಸರು. ಆ ಗಾಳಿಯಲ್ಲೇ ಬೆಳೆದದ್ದು ಈ ಕಥನದ ಸಿವಿ.

ಓದಿದಾಗ ಖುಷಿಯಾಯಿತು, ಬರೆಯಲು ಕೂತಾಗ ಬೆವರಿತು. ನಮ್ಮ ಮನೆಯಲ್ಲಿ ‘ನಾನು ಮಾಡಿದೆ’ ಎನ್ನುವ ಮಾತೇ ಇಲ್ಲ. ರ‍್ಯಾಂಕ್ ಬಂದಾಗಲೂ ಅಮ್ಮ ಪಕ್ಕದ ಮನೆಯವರಿಗೆ “ಏನೋ, ದೇವರ ದಯದಿಂದ ಪಾಸಾದ್ಲು” ಎಂದಿದ್ದಳು. ಕನ್ನಡವೂ ಇದಕ್ಕೆ ಅನುಕೂಲವಾಗಿದೆ. ‘ಹೋದೆ, ಬಂದೆ’ ಎಂದರೆ ಸಾಕು, ‘ನಾನು’ ಬಾಯಿಗೆ ಬರಬೇಕಿಲ್ಲ. ಇನ್ನು ವಿಜ್ಞಾನದ ಲೇಖನಗಳಲ್ಲೋ, ಎಲ್ಲವೂ ‘ಮಾಡಲಾಯಿತು’. ಹೀಗೆ ಎರಡೂ ಕಡೆಯಿಂದ ತರಬೇತಾದ ನನ್ನ ಮೊದಲ ಕರಡಿನಲ್ಲಿ ‘ನಾನು’ ಒಂದೇ ಒಂದು ಸಲ ಇತ್ತು, ಅದೂ ‘ನಾನು ಆಭಾರಿ’ ಎನ್ನುವಲ್ಲಿ!

ನಮ್ಮ ವಿಭಾಗದ ಹಿರಿಯರೊಬ್ಬರು ಅದನ್ನು ಓದಿ ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ‘ಆಮೇಲೆ?’ ಎಂದು ಬರೆದುಕೊಟ್ಟರು. ‘ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಿದ್ದೇನೆ’ ಎಂದಿದ್ದೆ. ಆಮೇಲೆ? ಸೂಕ್ಷ್ಮದರ್ಶಕ ಮುಟ್ಟಲು ಹೆದರುತ್ತಿದ್ದ ಹುಡುಗಿಯ ಜೊತೆ ವಾರಕ್ಕೆರಡು ಮಧ್ಯಾಹ್ನ ಕೂತೆ, ಅವಳು ಈಗ ತನ್ನದೇ ಪಿಎಚ್‌ಡಿ ಮಾಡುತ್ತಿದ್ದಾಳೆ. “ಇದನ್ನೇ ಬರಿ. ‘ಉತ್ಸಾಹಿ’, ‘ಸಮರ್ಪಿತ’ ಅಂತೆಲ್ಲ ಬರೆದದ್ದನ್ನು ಹೊಡೆದು ಹಾಕು, ಅದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು” ಎಂದರು.

ಉಳಿದದ್ದು ಆ ಮೂರು ವರ್ಷ. ವೃತ್ತಿಯಲ್ಲಿ ಬಿಡುವು ಬಿದ್ದಿದ್ದರೆ ಹೇಳಲು ಕೊನೆಯಲ್ಲಿ ಒಂದು ಐಚ್ಛಿಕ ಭಾಗವಿದೆ, 500 ಪದದವರೆಗೆ ಬರೆಯಬಹುದು. ಆದರೆ ಅಲ್ಲಿ ಸಾಧನೆ ಹೇಳುವಂತಿಲ್ಲ, ಹಿನ್ನೆಲೆ ಮಾತ್ರ. ಅಮ್ಮನನ್ನು ಮಗ್ಗುಲು ತಿರುಗಿಸಿದ್ದು, ಗಂಜಿ ಕುಡಿಸಿದ್ದು, ಕೊನೆಗೆ ಅವಳು ಹೋದದ್ದು, ಇದನ್ನೆಲ್ಲ ಒಂದು ರಾತ್ರಿ ಕೂತು ಪೂರಾ ಬರೆದೆ. ಬೆಳಿಗ್ಗೆ ಓದಿ ಅಳಿಸಿದೆ. ಎರಡು ವಾಕ್ಯ ಇಟ್ಟುಕೊಂಡೆ: ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ತಾಯಿಯ ಆರೈಕೆಯಲ್ಲಿದ್ದೆ, ಆ ಅವಧಿಯಲ್ಲಿ ಪ್ರಯೋಗಾಲಯ ಇರಲಿಲ್ಲ. ಅಮ್ಮನನ್ನು ಅಂಕಕ್ಕೆ ಇಡಲು ಮನಸ್ಸು ಒಪ್ಪಲಿಲ್ಲ.

ಆದರೆ ಪ್ರಯೋಗಾಲಯ ಇರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಇರಲಿಲ್ಲವೇ? ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ, ಆಲೂಗಡ್ಡೆಯ ಅಂಗಮಾರಿಗೆ ಕಾರಣವಾದ ಜೀವಿಯ ದಾಯಾದಿ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು 1910ರಲ್ಲೇ ಇದನ್ನು ಅಭ್ಯಾಸ ಮಾಡಿ ಬರೆದಿದ್ದರು, ‘ಕೊಳೆರೋಗ’ ಎಂಬ ನಮ್ಮ ಮಾತೇ ಇಂಗ್ಲಿಷಿಗೂ ಹೋಯಿತು. ಊರಿನಲ್ಲಿ ಎರಡು ಮಳೆಗಾಲ ಅಮ್ಮ ಮಲಗಿದ ಹೊತ್ತಿನಲ್ಲಿ ನಾನು ಅಕ್ಕಪಕ್ಕದ ಹನ್ನೊಂದು ತೋಟ ಸುತ್ತಿದ್ದೆ. ಎಲ್ಲರೂ ಬೋರ್ಡೊ ಹೊಡೆಯುತ್ತಿದ್ದರು: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಆದರೂ ಕೆಲವರಿಗೆ ಕಾಯಿ ಉದುರುವುದು ನಿಲ್ಲುತ್ತಿರಲಿಲ್ಲ. ಯಾರು ಯಾವತ್ತು ಮದ್ದು ಹೊಡೆದರು, ಎಷ್ಟು ಉದುರಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹೆಚ್ಚು ಉದುರಿದ ತೋಟಗಳಲ್ಲಿ ಎರಡು ಸಂಗತಿ ಸಿಕ್ಕವು. ಮಳೆ ಹಿಡಿದ ಮೇಲೆ ಹೊಡೆದದ್ದು ಒಂದು. ತಿಂಗಳುಗಟ್ಟಲೆ ತೆರೆದಿಟ್ಟ, ಸತ್ವ ಹೋದ ಸುಣ್ಣ ಬಳಸಿದ್ದು ಇನ್ನೊಂದು.

ಇದು ನಾಲ್ಕನೇ ಭಾಗಕ್ಕೆ ಹೇಳಿ ಮಾಡಿಸಿದ ವಿಷಯ. ಉಮೇದಿನಲ್ಲಿ ಬರೆದೆ, ಆ ಐದೂವರೆಗೆ ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳಿಯೂ ಬಿಟ್ಟೆ: ‘ದ್ರಾವಣ ಸರಿಯಾಗಿದೆಯೇ ಎಂದು ಪರೀಕ್ಷಿಸುವುದನ್ನು ನಾನು ರೈತರಿಗೆ ಕಲಿಸಿದೆ.’

ಅಪ್ಪಯ್ಯ ಸುಮ್ಮನಾದರು. ಆಮೇಲೆ, “ಕತ್ತಿ ಅದ್ದಿ ನೋಡೋದಾ? ಅದನ್ನ ನಿಂಗೆ ಕಲಿಸಿದ್ದು ನಮ್ಮ ಸೀನ” ಎಂದರು.

ಹೌದು. ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಪಿಎಚ್ ಕಾಗದ ಹಿಡಿದು ನಿಂತ ನನ್ನನ್ನು ನೋಡಿ ನಗುತ್ತಾ ಅದನ್ನು ತೋರಿಸಿಕೊಟ್ಟವನು ನಮ್ಮ ತೋಟದ ಸೀನಣ್ಣ. ‘ನಾನು’ ಬರೆಯಲು ಕಲಿತ ಖುಷಿಯಲ್ಲಿ ಇನ್ನೊಬ್ಬರ ‘ನಾನು’ವನ್ನೂ ಎಳೆದುಕೊಂಡುಬಿಟ್ಟಿದ್ದೆ. ನಾಚಿಕೆಯಾಯಿತು. ಹೊಡೆದು ಹಾಕಿ ಹೀಗೆ ಬರೆದೆ: ‘ಹನ್ನೊಂದು ತೋಟಗಳ ದಾಖಲೆಯಿಂದ ಹಳೆಯ ಸುಣ್ಣದ ದೋಷವನ್ನು ನಾನು ಗುರುತಿಸಿದೆ. ಕೃಷಿ ಕಾರ್ಮಿಕರೊಬ್ಬರಿಂದ ಕಲಿತ ಕತ್ತಿಯ ಪರೀಕ್ಷೆಯನ್ನು ಪ್ರತಿ ಬ್ಯಾರೆಲ್‌ಗೂ ಮಾಡುವಂತೆ ಅವರೊಂದಿಗೆ ಸೇರಿ ಪ್ರಚಾರ ಮಾಡಿದೆ. ಮರುವರ್ಷ ಏಳು ಮನೆಯವರು ಹಾಗೆ ಮಾಡಿದರು.’ ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ ಎಂದು ಪೆನ್ಸಿಲಿನ ಹಿರಿಯರೂ ಹೇಳಿದರು.

ಈ ಪದ್ಧತಿ ಚಿನ್ನವೇನಲ್ಲ. ಪಟ್ಟಿಯ ಸಿವಿ ಅರ್ಧ ದಿನದ ಕೆಲಸ, ಇದಕ್ಕೆ ಎರಡು ವಾರ ಹೋಯಿತು. ಇಂಗ್ಲಿಷ್ ಮನೆಮಾತಾದವರು, ಬಾಯಿ ಜೋರಿದ್ದವರು ಇದರಲ್ಲೂ ಮುಂದಿರುತ್ತಾರೆ ಎಂಬ ಅನುಮಾನ ನನಗಿದೆ. ಪರಿಶೀಲಿಸುವವರು ಗುಟ್ಟಾಗಿ ಎಚ್-ಇಂಡೆಕ್ಸ್ ಹುಡುಕಿ ನೋಡಿದರೆ ತಡೆಯುವವರ‍್ಯಾರು? ಆದರೂ ಆ ನೋಟ್‌ಬುಕ್ಕನ್ನು ಬೇರೆ ಯಾವ ಅರ್ಜಿಯೂ ನನ್ನಿಂದ ಕೇಳಿರಲಿಲ್ಲ.

ಅರ್ಜಿ ಕಳಿಸಿಯಾಯಿತು, 1,146 ಪದ. ಉತ್ತರ ಇನ್ನೂ ಬಂದಿಲ್ಲ. ಸೀನಣ್ಣನ ವಿಷಯ ಸ್ಕಾಟ್ಲೆಂಡಿನ ಅರ್ಜಿಯಲ್ಲಿದೆ ಎಂದು ಅಪ್ಪಯ್ಯ ಅವನಿಗೆ ಹೇಳಿದರಂತೆ. “ಹಂಗಾದ್ರೆ ಈ ಸಲನಾದ್ರೂ ಹೊಸ ಸುಣ್ಣ ತರ್ಸಿ ಅಯ್ಯಾ” ಅಂದನಂತೆ.